ಕಿಡ್ನಿ ಕಾಯಿಲೆಯಿರುವ ಮಗುವಿನ ತೂಕ ಸರಿಯಾಗಿದೆ, ಆದರೂ ರಕ್ತನಾಳದ ಚಿಂತೆ ಯಾಕೆ?

ಇಲ್ಲಿ ತೂಕದ ಯಂತ್ರವನ್ನು ನಂಬಿ ಕೂರಬೇಡಿ. ಕಿಡ್ನಿ ಸೋತಾಗ ಮೈಯಲ್ಲಿ ನೀರು ನಿಲ್ಲಬಹುದು. ಸ್ನಾಯು ಕರಗಿ ಕೊಬ್ಬು ಸೇರಿದರೂ ಕಿಲೋ ಮಾತ್ರ ಅಷ್ಟೇ ಇರುತ್ತದೆ. ಕಾಲುಚೀಲ ಬಿಚ್ಚಿದ ಮೇಲೆ ಹಿಮ್ಮಡಿಯ ಮೇಲ್ಗಡೆ ಎಲಾಸ್ಟಿಕ್‌ ಗುರುತು ಆಳವಾಗಿ ಉಳಿದಿದ್ದರೆ ಅದು ಪುಷ್ಟಿಯಲ್ಲ, ನೀರಿರಬಹುದು.

ರಕ್ತನಾಳದ ಕಥೆಯೇ ಬೇರೆ. ದೊಡ್ಡವರ ಹೃದಯಾಘಾತಕ್ಕೆ ಸಾಮಾನ್ಯ ಕಾರಣ ನಾಳದ ಒಳಪದರದಲ್ಲಿ ಕಟ್ಟುವ ಕೊಬ್ಬು. ಈ ಮಕ್ಕಳಲ್ಲಿ ಹಾಗಲ್ಲ, ಆಹಾರದಿಂದ ಬರುವ ಫಾಸ್ಫರಸ್ ಎಂಬ ಖನಿಜವನ್ನು ಸೋತ ಕಿಡ್ನಿ ಹೊರಹಾಕಲಾರದೆ ಅದು ರಕ್ತದಲ್ಲಿ ಏರಿ, ನಾಳದ ನಡುಪದರದಲ್ಲಿ ಕ್ಯಾಲ್ಸಿಯಂ ಕೂರುತ್ತದೆ, ನಾಳ ಪೆಡಸಾಗುತ್ತದೆ. ಬಿಪಿಯೂ ಸೇರಿದರೆ ಕೇಳುವುದೇ ಬೇಡ. ಬಿಪಿ ಹಿಡಿತದಲ್ಲಿಟ್ಟರೆ ಕಿಡ್ನಿಗೂ ಲಾಭ: ಯುರೋಪಿನಲ್ಲಿ ಕಿಡ್ನಿ ಕಾಯಿಲೆಯ 385 ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ‘ಎಸ್ಕೇಪ್’ ಅಧ್ಯಯನದಲ್ಲಿ, ಬಿಪಿ ಬಿಗಿಯಾಗಿ ಹಿಡಿದಿಟ್ಟ ಗುಂಪಿನ ಮಕ್ಕಳ ಕಿಡ್ನಿ ಹಾಳಾಗುವುದು ನಿಧಾನವಾಯಿತು.

ಫಾಸ್ಫರಸ್ ಅಂದ ಕೂಡಲೇ ಮಗುವಿಗೆ ಬೇಳೆ ತಿನ್ನುವುದನ್ನೇ ಬಿಡಿಸುವವರಿದ್ದಾರೆ. ಮೊದಲು ಬಿಡಿಸಬೇಕಾದ್ದು ಕೋಲಾ ಮತ್ತು ಪ್ರೊಸೆಸ್ಡ್ ಚೀಸ್. ಅವುಗಳಿಗೆ ಬೆರೆಸಿದ ಫಾಸ್ಫೇಟ್ (ಫಾಸ್ಫರಸ್‌ನದೇ ಒಂದು ರೂಪ) ಬೇಳೆಯದ್ದಕ್ಕಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ.