ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಪ್ಲಸ್ ಬಂದಿದೆ. ಅಮೆರಿಕದಲ್ಲಿ ಡೆಂಟಲ್ ಸ್ಕೂಲಿಗೆ ಇನ್ನೂ ಪ್ರಯತ್ನಿಸಬಹುದೇ?

ನೀವು ನ್ಯೂಜೆರ್ಸಿಯಲ್ಲಿ ಬಯಾಲಜಿ ಪದವಿಯ ಎರಡನೇ ವರ್ಷದಲ್ಲಿದ್ದೀರಿ. ಅಪ್ಪನದು ಎಚ್-1ಬಿ ಕೆಲಸದ ವೀಸಾ, ನಿಮ್ಮದು ಅವರ ಕುಟುಂಬಕ್ಕೆ ಸಿಗುವ ಎಚ್-4. ಆರ್ಗ್ಯಾನಿಕ್ ಮೊದಲ ಸೆಮಿಸ್ಟರಿನಲ್ಲಿ ಸಿ ಪ್ಲಸ್ ಬಂದಿದೆ, ಮನೆಯಲ್ಲಿ ‘ಬೆಂಗಳೂರಿಗೆ ಹೋಗಿ ಬಿಡಿಎಸ್ ಮಾಡು’ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಪ್ರಯತ್ನಿಸಬಹುದು, ಧಾರಾಳವಾಗಿ. ನಾನು ಓಹಾಯೋದಲ್ಲಿ ದಂತವೈದ್ಯೆ. ಪದವಿ, ಡೆಂಟಲ್ ಸ್ಕೂಲು ಎರಡನ್ನೂ ಇಲ್ಲೇ ಓದಿದವಳು. ಈಗ ರೋಗಿಯ ಆದಾಯ ನೋಡಿ ಶುಲ್ಕ ತೆಗೆದುಕೊಳ್ಳುವ ಒಂದು ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮಂಥ ವಿದ್ಯಾರ್ಥಿಗಳು ಅಲ್ಲಿಗೆ ನೋಡಿ ಕಲಿಯಲು ಬರುತ್ತಿರುತ್ತಾರೆ.

ಮೊದಲು ಸಿ ಪ್ಲಸ್ ವಿಷಯ. ಕಡ್ಡಾಯ ವಿಷಯಗಳಲ್ಲಿ ಹೆಚ್ಚಿನ ಶಾಲೆಗಳು ಕೇಳುವುದು ಕನಿಷ್ಠ ಸಿ. ಆ ಗೆರೆಯನ್ನು ನೀವು ದಾಟಿದ್ದೀರಿ. ಅದೇ ಕೋರ್ಸನ್ನು ಮತ್ತೆ ತೆಗೆದುಕೊಳ್ಳುವುದು ಬೇಡ ಎಂಬುದು ನನ್ನ ಸಲಹೆ. ಡೆಂಟಲ್ ಶಾಲೆಗಳಿಗೆ ಅರ್ಜಿ ಹೋಗುವುದು ಆಡ್‌ಸ್ಯಾಸ್ ಎಂಬ ಒಂದೇ ಕೇಂದ್ರದ ಮೂಲಕ (ಟೆಕ್ಸಾಸ್‌ನ ಶಾಲೆಗಳಿಗೆ ಆ ರಾಜ್ಯದ ವಿದ್ಯಾರ್ಥಿಗಳು ಬಳಸುವ ವ್ಯವಸ್ಥೆ ಬೇರೆ). ಅಲ್ಲಿ ಜಿಪಿಎ (ಎಲ್ಲ ಕೋರ್ಸುಗಳ ಸರಾಸರಿ ಅಂಕ) ಲೆಕ್ಕ ಹಾಕುವಾಗ ಎರಡು ಸಲದ ಅಂಕವನ್ನೂ ಹಿಡಿಯುತ್ತಾರೆ, ಹಳೆಯದು ಅಳಿಸಿಹೋಗುವುದಿಲ್ಲ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಸೇರಿಸಿ ಇನ್ನೊಂದು ಜಿಪಿಎ ತೆಗೆಯುತ್ತಾರೆ. ಹಾಗಾಗಿ ಆ ಸಮಯವನ್ನು ಆರ್ಗ್ಯಾನಿಕ್ ಎರಡನೇ ಭಾಗಕ್ಕೆ, ಬಯೋಕೆಮಿಸ್ಟ್ರಿಗೆ, ಮೈಕ್ರೋಬಯಾಲಜಿಗೆ ಕೊಟ್ಟು ಅಲ್ಲಿ ಎ ತೆಗೆಯಿರಿ. ಎಡವಿದ ಮೇಲೆ ಹೇಗೆ ನಡೆದಿರಿ ಎಂಬುದು ಆಗ ಅರ್ಜಿ ಓದುವವರಿಗೆ ತಾನಾಗಿ ಕಾಣುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಿಮ್ಮ ಪ್ರಶ್ನೆಯಲ್ಲಿ ಅಂಕ ಇದೆ, ಪರೀಕ್ಷೆ ಇದೆ, ವೀಸಾ ಇದೆ. ಯಾವುದಾದರೂ ಕ್ಲಿನಿಕ್ಕಿನಲ್ಲಿ ಹೋಗಿ ನಿಂತದ್ದರ ಸುದ್ದಿಯೇ ಇಲ್ಲ. ಪುಸ್ತಕಕ್ಕಿಂತ ಮೊದಲು ಅದನ್ನು ಮಾಡಿ. ಶ್ಯಾಡೋಯಿಂಗ್ ಅನ್ನುವುದು ಇದಕ್ಕೇ. 100 ಗಂಟೆ ಇರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಗಂಟೆ ತುಂಬಿಸಿಕೊಳ್ಳುವುದಕ್ಕಾಗಿ ಹೋಗಬೇಡಿ. ಹೆಚ್ಚಿನ ಸಮಯ ಸಾಮಾನ್ಯ ದಂತವೈದ್ಯರ ಬಳಿ ಇರಿ, ಕೆಲವು ದಿನ ಮಕ್ಕಳ ದಂತವೈದ್ಯರು ಮತ್ತು ಓರಲ್ ಸರ್ಜನ್ ಹತ್ತಿರ. ಚೆಂದದ ಖಾಸಗಿ ಕ್ಲಿನಿಕ್ಕಿನ ಜೊತೆಗೆ ಬಡವರು ಬರುವ ಜಾಗವನ್ನೂ ತಪ್ಪದೆ ನೋಡಿ.

ಯಾಕೆಂದರೆ ಅಲ್ಲಿ ಕಾಣುವುದು ಬೇರೆ. ರೂಟ್ ಕೆನಾಲ್ ಮಾಡಿ ಕ್ರೌನ್ ಹಾಕಿದರೆ ಈ ಹಲ್ಲು ಉಳಿಯುತ್ತದೆ ಎಂದು ನಾನು ಹೇಳುತ್ತೇನೆ. ರೋಗಿ ಖರ್ಚೆಷ್ಟು ಎಂದು ಕೇಳುತ್ತಾರೆ, ಸುಮ್ಮನಾಗುತ್ತಾರೆ, ‘ಕಿತ್ತುಬಿಡಿ’ ಅನ್ನುತ್ತಾರೆ. ಉಳಿಸಬಹುದಾದ ಹಲ್ಲನ್ನು ಕೀಳುವ ಈ ಸಂದರ್ಭ ನನ್ನ ಕೆಲಸದಲ್ಲಿ ಮತ್ತೆಮತ್ತೆ ಬರುತ್ತದೆ. ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಅದರ ಮೂಲ ಯೋಜನೆಯಲ್ಲಿ ಮಾಮೂಲಿ ಹಲ್ಲಿನ ಚಿಕಿತ್ಸೆ ಸೇರಿಲ್ಲ. ಕಡಿಮೆ ಆದಾಯದವರ ಸರ್ಕಾರಿ ವಿಮೆ ಮೆಡಿಕೇಡ್ ಇರುವ ವಯಸ್ಕರಿಗೆ ಏನು ಸಿಗುತ್ತದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇದನ್ನು ಓದಿ ತಿಳಿಯುವುದೇ ಬೇರೆ, ಕುರ್ಚಿಯ ಪಕ್ಕ ನಿಂತು ಆ ಮುಖ ನೋಡುವುದೇ ಬೇರೆ. ಹಾಗೆಯೇ ಸೂಜಿ ಕಂಡರೆ ನಡುಗುವವರನ್ನು ಡಾಕ್ಟರು ಹೇಗೆ ಸಮಾಧಾನ ಮಾಡುತ್ತಾರೆ, ದಿನವಿಡೀ ಬಗ್ಗಿ ಕೆಲಸ ಮಾಡುವಾಗ ಕತ್ತು ಬೆನ್ನು ಹೇಗಿಟ್ಟುಕೊಳ್ಳುತ್ತಾರೆ, ಕೇಳುವ ಮೊದಲೇ ಅಸಿಸ್ಟೆಂಟ್ ಉಪಕರಣವನ್ನು ಹೇಗೆ ಕೈಗಿಡುತ್ತಾರೆ, ಇದನ್ನೆಲ್ಲ ಗಮನಿಸಿ. ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಒಗ್ಗುವುದಿಲ್ಲ ಅನ್ನಿಸಿದರೆ ಎರಡನೇ ವರ್ಷದಲ್ಲೇ ತಿಳಿದದ್ದು ಒಳ್ಳೆಯದಾಯಿತು.

ಪ್ರತಿ ದಿನ ಮನೆಗೆ ಬಂದು ದಿನಾಂಕ, ಗಂಟೆ, ನೋಡಿದ ಚಿಕಿತ್ಸೆ, ಮನಸ್ಸಿಗೆ ನಾಟಿದ ಒಂದು ಸಂಗತಿ ಬರೆದಿಡಿ. ರೋಗಿಯ ಹೆಸರು ಮಾತ್ರ ಎಲ್ಲೂ ಬರಕೂಡದು. ಮುಂದೆ ಅರ್ಜಿಯಲ್ಲಿ 4,500 ಅಕ್ಷರಗಳೊಳಗೆ, ಖಾಲಿ ಜಾಗವೂ ಸೇರಿ, ಯಾಕೆ ದಂತವೈದ್ಯರಾಗಬೇಕು ಎಂದು ಬರೆಯಬೇಕಾಗುತ್ತದೆ. ‘ಚಿಕ್ಕಂದಿನಿಂದ ಸೇವೆ ಮಾಡುವ ಆಸೆ’ ಎಂಬ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತದೆ. ನಿಮ್ಮದೇ ಅನ್ನಿಸುವ ಮಾತು ಸಿಗುವುದು ಆ ನೋಟ್‌ಬುಕ್ಕಿನಲ್ಲಿ. ಸಂದರ್ಶನಕ್ಕೂ ಅದೇ ಬಂಡವಾಳ.

ಒಂದು ಎಚ್ಚರಿಕೆ: ಎಚ್-4ನಲ್ಲಿರುವ ಮಕ್ಕಳು ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಗೆಳೆಯರು ಡೆಂಟಲ್ ಅಸಿಸ್ಟೆಂಟ್ ಕೆಲಸಕ್ಕೆ ಸೇರಿದರೆಂದು ನೀವೂ ಸೇರಬೇಡಿ. ನಿಂತು ನೋಡುವುದಕ್ಕೆ ಅಡ್ಡಿಯಿಲ್ಲ. ಉಚಿತ ಶಿಬಿರಗಳಲ್ಲಿ ಸ್ವಯಂಸೇವಕರಾಗಿಯೂ ಹೋಗಬಹುದು. 1985ರಲ್ಲಿ ಶುರುವಾದ ರಿಮೋಟ್ ಏರಿಯಾ ಮೆಡಿಕಲ್ ಸಂಸ್ಥೆ ನಡೆಸುವ ಶಿಬಿರಗಳಲ್ಲಿ ಹಲ್ಲಿನ ಚಿಕಿತ್ಸೆಗೆಂದು ಜನ ಬೆಳಕು ಹರಿಯುವ ಮೊದಲೇ ಸಾಲು ನಿಂತಿರುತ್ತಾರೆ.

ಡೆಂಟಲ್ ಶಾಲೆಗಳ ಪ್ರವೇಶ ಪರೀಕ್ಷೆಯ ಹೆಸರು ಡಿಎಟಿ. ಬಯಾಲಜಿ 40, ಜನರಲ್ ಕೆಮಿಸ್ಟ್ರಿ 30, ಆರ್ಗ್ಯಾನಿಕ್ 30 ಪ್ರಶ್ನೆ. ಜೊತೆಗೆ ಓದಿ ಅರ್ಥಮಾಡಿಕೊಳ್ಳುವ ಭಾಗ, ಗಣಿತ, ಮತ್ತು ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಬೇಕಾದ ಪಿಎಟಿ. ಫಿಸಿಕ್ಸ್ ಇಲ್ಲ. 2025ರ ಮಾರ್ಚ್‌ನಿಂದ ಅಂಕದ ಅಳತೆ ಬದಲಾಗಿ 200ರಿಂದ 600ರವರೆಗೆ ಆಗಿದೆ. ಹಳೆಯ ಬರಹಗಳಲ್ಲಿ 20, 21 ಎಂದು ಕಂಡರೆ ಅದು 30ಕ್ಕೆ ಇದ್ದ ಹಳೆಯ ಲೆಕ್ಕ, ಗಲಿಬಿಲಿ ಬೇಡ. ಪಿಎಟಿಯಲ್ಲಿ ಕೋನಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದು, ಮಡಚಿದ ಕಾಗದಕ್ಕೆ ತೂತು ಹಾಕಿ ಬಿಚ್ಚಿದರೆ ಹೇಗೆ ಕಾಣುತ್ತದೆ ಎಂದು ಹೇಳುವುದು, ಇಂಥವು 90 ಪ್ರಶ್ನೆಗೆ 60 ನಿಮಿಷ. ಇದು ಒಂದೇ ಸಲ ಕೂತು ಕಲಿಯುವಂಥದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಕಣ್ಣು ಪಳಗುತ್ತದೆ. ಕೈಚಳಕದ ಬಗ್ಗೆ ಸಂದರ್ಶನದಲ್ಲಿ ಕೇಳಬಹುದು. ನೀವು ರಂಗೋಲಿ ಹಾಕುತ್ತಿದ್ದರೆ, ಹೂ ಕಟ್ಟುತ್ತಿದ್ದರೆ, ವೀಣೆ ನುಡಿಸುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ಅದು ನಿಜವಾದ ಬೆರಳಿನ ಶಿಸ್ತು.

ಶಿಫಾರಸು ಪತ್ರಗಳನ್ನು ನಾಲ್ಕರವರೆಗೆ ಸೇರಿಸಬಹುದು. ಇಬ್ಬರು ವಿಜ್ಞಾನ ಪ್ರಾಧ್ಯಾಪಕರು, ಒಬ್ಬರು ದಂತವೈದ್ಯರು ಇದ್ದರೆ ಹೆಚ್ಚಿನ ಕಡೆ ಸಾಕು. ನಮ್ಮ ಕಡೆಯ ಮಕ್ಕಳು ಮೇಷ್ಟ್ರ ಕೋಣೆಗೆ ಹೋಗಲು ಹಿಂಜರಿಯುತ್ತಾರೆ. ಇಲ್ಲಿ ಆಫೀಸ್ ಅವರ್ ಇಟ್ಟಿರುವುದೇ ನೀವು ಬರಲಿ ಎಂದು. ಆರ್ಗ್ಯಾನಿಕ್ ಪ್ರಾಧ್ಯಾಪಕರ ಬಳಿಗೆ ಈಗಿನಿಂದಲೇ ಹೋಗಿ.

ಸಮಯದ ಲೆಕ್ಕ ಹೀಗೆ. ಪದವಿ ಮುಗಿದ ಕೂಡಲೇ ಸೇರಬೇಕೆಂದರೆ ಮೂರನೇ ವರ್ಷ ಮುಗಿದ ಬೇಸಿಗೆಯಲ್ಲಿ ಅರ್ಜಿ ಹಾಕಬೇಕು. ಅರ್ಜಿ ಮೇ ತಿಂಗಳಲ್ಲಿ ತೆರೆದು ಜೂನ್ ಆರಂಭದಿಂದ ಸಲ್ಲಿಕೆಯಾಗುತ್ತದೆ. ಬಂದ ಹಾಗೆಲ್ಲ ನೋಡುತ್ತಾ ಸಂದರ್ಶನಕ್ಕೆ ಕರೆಯುವುದು ಹೆಚ್ಚಿನ ಶಾಲೆಗಳ ಪದ್ಧತಿ. ಆದ್ದರಿಂದ ಕೊನೆಯ ದಿನಾಂಕ ನೋಡಿಕೊಂಡು ಕೂರಬೇಡಿ, ಜೂನ್‌ನಲ್ಲೇ ಕಳಿಸಿ.

ಇನ್ನು ವೀಸಾ. 21 ತುಂಬಿದರೆ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಹಲವು ಸರ್ಕಾರಿ ಡೆಂಟಲ್ ಶಾಲೆಗಳು ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರನ್ನಷ್ಟೇ ಪರಿಗಣಿಸುತ್ತವೆ, ಕೆಲವು ಖಾಸಗಿ ಶಾಲೆಗಳು ಎಲ್ಲರನ್ನೂ ನೋಡುತ್ತವೆ. ಒಂದೊಂದು ಶಾಲೆಯ ಪ್ರವೇಶ ಕಚೇರಿಗೂ ಬರೆದು, ಉತ್ತರವನ್ನು ಇಮೇಲ್‌ನಲ್ಲೇ ಪಡೆದುಕೊಂಡು ಪಟ್ಟಿ ಮಾಡಿ. ನ್ಯೂಜೆರ್ಸಿಯ ಏಕೈಕ ಡೆಂಟಲ್ ಶಾಲೆ ನ್ಯೂವಾರ್ಕ್‌ನ ರಟ್ಗರ್ಸ್‌ನಲ್ಲಿದೆ, ಅಲ್ಲಿಂದಲೇ ಶುರು ಮಾಡಿ. ಎಫ್-1 ಇದ್ದವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಬಂದರೂ, 2026ರ ಜುಲೈ 1ರಿಂದ ಜಾರಿಯ ನಿಯಮದಂತೆ ಹೊಸದಾಗಿ ಸಾಲ ಪಡೆಯುವ ಡೆಂಟಲ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ನಾಲ್ಕು ವರ್ಷದ ಖರ್ಚು ಇದನ್ನು ಮೀರುವ ಶಾಲೆಗಳು ಬಹಳ ಇವೆ. ಈ ಮಾತನ್ನು ಅಪ್ಪ ಅಮ್ಮನ ಜೊತೆ ಈಗಲೇ ಕೂತು ಆಡಿ.

ಬೆಂಗಳೂರಿನ ಬಿಡಿಎಸ್ ವಿಚಾರದಲ್ಲಿ ಮನೆಯವರ ಕಾಳಜಿ ನನಗೆ ಅರ್ಥವಾಗುತ್ತದೆ. ಅದಕ್ಕೆ ನೀಟ್ ಬರೆಯಬೇಕು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಕರ್ನಾಟಕದಲ್ಲೇ ವೃತ್ತಿ ಮಾಡುವ ಮನಸ್ಸಿದ್ದರೆ ಅದು ಒಳ್ಳೆಯ ದಾರಿ. ಅಮೆರಿಕಕ್ಕೆ ಮರಳಿ ಬರಬೇಕೆಂದರೆ ಐಎನ್‌ಬಿಡಿಇ ಎಂಬ ಇಲ್ಲಿನ ದಂತವೈದ್ಯರ ಅರ್ಹತಾ ಪರೀಕ್ಷೆ ಬರೆದು, ಇಲ್ಲಿನ ಶಾಲೆಯೊಂದರಲ್ಲಿ ಸಾಮಾನ್ಯವಾಗಿ ಇನ್ನೂ ಎರಡು ಮೂರು ವರ್ಷ, ದೊಡ್ಡ ಶುಲ್ಕ ಕಟ್ಟಿ ಓದಬೇಕು. ಇಲ್ಲೇ ಇರುವ ಆಸೆಯಿದ್ದರೆ ಅದು ಹತ್ತಿರದ ದಾರಿ ಅಲ್ಲ ಎಂದು ಅವರಿಗೆ ಹೇಳಿ.

ಈ ವಾರ ಮನೆಯ ಹತ್ತಿರದ ಕ್ಲಿನಿಕ್ಕುಗಳಿಗೆ ಫೋನ್ ಮಾಡಿ. ‘ನಾನು ಪ್ರೀ-ಡೆಂಟಲ್ ವಿದ್ಯಾರ್ಥಿ, ವಾರಕ್ಕೊಂದು ಮಧ್ಯಾಹ್ನ ಬಂದು ನೋಡಬಹುದೇ?’ ಅಷ್ಟು ಸಾಕು. ಕೆಲವರು ಆಗುವುದಿಲ್ಲ ಎಂದರೆ ಬೇಸರ ಬೇಡ, ಮುಂದಿನವರನ್ನು ಕೇಳಿ. ನಿಮಗೆ 21 ತುಂಬುವುದು ಯಾವಾಗ, ಗ್ರೀನ್ ಕಾರ್ಡ್ ಅರ್ಜಿ ಯಾವ ಹಂತದಲ್ಲಿದೆ ಎಂದು ಇಲ್ಲೇ ಬರೆದರೆ ಶಾಲೆಗಳ ಪಟ್ಟಿ ಮಾಡುವಾಗ ಏನೇನು ಕೇಳಬೇಕು ಎಂಬುದನ್ನು ಇನ್ನಷ್ಟು ವಿವರವಾಗಿ ಹೇಳುತ್ತೇನೆ.