ಜಪಾನಿನ ಫುಟ್‌ಬಾಲ್ ಡಿಫೆಂಡರ್ ಮಸಾಮಿ ಇಹಾರಾ ಕೋಚ್ ಆಗಿಯೂ ಗೆದ್ದರೇ?

ಗೆದ್ದರು, ಆದರೆ ಆಟಗಾರನಾಗಿ ಗೆದ್ದಷ್ಟಲ್ಲ. ಜಪಾನ್ ಪರ 122 ಪಂದ್ಯ ಆಡಿದ ಇಹಾರಾರನ್ನು 'ಏಷ್ಯಾದ ಗೋಡೆ' ಎನ್ನುತ್ತಿದ್ದರು. 1992ರಲ್ಲಿ ಏಷ್ಯನ್ ಕಪ್, 1995ರಲ್ಲಿ ಏಷ್ಯಾದ ವರ್ಷದ ಆಟಗಾರ ಪ್ರಶಸ್ತಿ. 1998ರಲ್ಲಿ ಜಪಾನ್ ಮೊದಲ ಬಾರಿ ವಿಶ್ವಕಪ್ ಆಡಿದಾಗ ನಾಯಕ ಇವರೇ. ಮೂರೂ ಪಂದ್ಯ ಸೋತರು ನಿಜ. ಆದರೆ ಅರ್ಜೆಂಟೀನಾ, ಕ್ರೊಯೇಷಿಯಾದಂಥ ತಂಡಗಳಿಗೆ ತಲಾ ಒಂದೇ ಗೋಲು ಬಿಟ್ಟುಕೊಟ್ಟ ಆ ರಕ್ಷಣೆ ನನಗಂತೂ ದೊಡ್ಡದು.

ನಿವೃತ್ತಿಯ ಬಳಿಕ ಬಹುಕಾಲ ಸಹಾಯಕ ಕೋಚ್. 2015ರಲ್ಲಿ ಅವಿಸ್ಪಾ ಫುಕುವೊಕಾ ಕ್ಲಬ್‌ನ ಹೊಣೆ ಹೊತ್ತು, ಮೊದಲ ವರ್ಷವೇ ತಂಡವನ್ನು ಎರಡನೇ ದರ್ಜೆಯಿಂದ ಜಪಾನಿನ ಅಗ್ರ ದರ್ಜೆಯ ಜೆ1 ಲೀಗ್‌ಗೆ ಏರಿಸಿದರು. ಮರುವರ್ಷವೇ ಅದು ಕೆಳಗಿಳಿಯಿತು. 2023ರಲ್ಲಿ ಕಶಿವಾ ರೇಸೋಲ್ ತಂಡವನ್ನು ಜಪಾನಿನ ನಾಕೌಟ್ ಟೂರ್ನಿಯಾದ ಎಂಪರರ್ಸ್ ಕಪ್ ಫೈನಲ್‌ಗೆ ಒಯ್ದರು. ಪೆನಾಲ್ಟಿ ಶೂಟೌಟ್‌ನಲ್ಲಿ ಕವಾಸಾಕಿ ಫ್ರಂಟಾಲೆ ಎದುರು ಕಪ್ ಕೈತಪ್ಪಿತು.