ಮೊದಲ ಟಾಪ್‌ಗೆ ಹೊಸ ಮಷೀನು ಬೇಡ

ತೆಳ್ಳನೆಯ ಮೆತ್ತನೆ ಹತ್ತಿ ಬಟ್ಟೆ, ಮಲ್ ಕಾಟನ್, ಎರಡು ಮೀಟರ್ ತಂದಿಟ್ಟಿದ್ದೀರಿ, ಮೊದಲ ಟಾಪ್ ಹೊಲಿಯೋಕೆ ಯಾವ ಮಷೀನು ತಗೊಳ್ಳಲಿ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಇದನ್ನೇ ಎಲ್ಲರ ಹತ್ತಿರ ಕೇಳಿಕೊಂಡು ಓಡಾಡಿದ್ದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಿಳಿನೀಲಿ ಮಲ್ ಬಟ್ಟೆ ತಗೊಂಡು, ಅದಕ್ಕೆಂದೇ ಮೋಟಾರಿನ ಮಷೀನು ಕೊಂಡು, ಒಂದು ಭಾನುವಾರ ಊಟದ ಮೇಜಿನ ಮೇಲೆ ಬಟ್ಟೆ ಹರಡಿ ಕೂತೆ. ಸಂಜೆಗೆ ಟಾಪ್ ತಯಾರು. ಅತ್ತೆ ಹಿಡಿದು ನೋಡಿ "ಚೆನ್ನಾಗಿದೆ ಕಣೇ, ಅಂಗಡಿದ್ದೇ ಅನ್ನಬೇಕು" ಅಂದರು. ಮಾರನೇ ದಿನ ಹಾಕಿಕೊಂಡು ಕೆಲಸಕ್ಕೂ ಹೋದೆ.

ಒಂದೇ ಸಲ ಒಗೆದದ್ದು. ಎಡಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬಂದಿತ್ತು, ಬಲಪಕ್ಕದ್ದು ಬೆನ್ನಿಗೆ ಹೋಗಿತ್ತು. ಬಿಚ್ಚಿ ಮತ್ತೆ ಹೊಲಿದೆ. ಒಗೆದೆ. ಮತ್ತೆ ತಿರುಚಿಕೊಂಡಿತು. ದಾರದ ಬಿಗಿ (ಟೆನ್ಷನ್) ಸರಿಯಿಲ್ಲ ಅಂತ ಮಷೀನನ್ನೇ ದೂರಿದೆ.

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯೋ ಅಕ್ಕ ಅದನ್ನು ಕಿಟಕಿ ಬೆಳಕಿಗೆ ಹಿಡಿದು ತೋರಿಸಿದರು. ಎಳೆಗಳು ಮೇಲಿಂದ ಕೆಳಗೆ ನೇರ ಇಳಿಯೋ ಬದಲು ಓರೆಯಾಗಿ ಹೋಗಿದ್ದವು. "ಅಂಗಡಿಯಲ್ಲಿ ಹರಿದು ಕೊಟ್ಟರಾ, ಕತ್ತರಿ ಹಾಕಿ ಕೊಟ್ಟರಾ?" ಅಂದರು. ಕತ್ತರಿ ಹಾಕಿದ್ದರು. ಮಲ್ ಬಟ್ಟೆ ಹರಿದರೆ ಹೊಕ್ಕಿನ ಎಳೆ, ಅಂದರೆ ಅಡ್ಡ ಎಳೆ, ಹಿಡಿದೇ ಹರಿಯುತ್ತೆ. ಕತ್ತರಿ ಕೈ ಹೋದ ಕಡೆ ಹೋಗುತ್ತೆ. 44 ಇಂಚು ಪನ್ನಾದಲ್ಲಿ (ಬಟ್ಟೆಯ ಅಗಲದಲ್ಲಿ) ನನ್ನ ಬಟ್ಟೆಯ ಅಂಚು ಎರಡು ಇಂಚು ಓರೆ ಇತ್ತು. ನಾನು ಅದೇ ನೇರ ಅಂತ ನಂಬಿ, ಅದರ ಎರಡು ಮೂಲೆ ಕೂಡಿಸಿ ಮಡಚಿದೆ. ಮಡಿಕೆಯ ಉದ್ದಕ್ಕೂ ಓರೆ ಸುಕ್ಕು ಬಿತ್ತು. ಬಟ್ಟೆ ಅಲ್ಲೇ ಹೇಳುತ್ತಿತ್ತು, ನಾನು ಕೇಳಲಿಲ್ಲ. ಇಸ್ತ್ರಿ ಹಾಕಿ ಆ ಸುಕ್ಕನ್ನು ಕೂರಿಸಿಬಿಟ್ಟೆ. ಮಡಿಕೆಯೇ ಓರೆಯಾದ ಮೇಲೆ ಅದನ್ನು ನೋಡಿ ಹಾಕಿದ ಕೊರಳು, ಕಂಕುಳು, ಪಕ್ಕ ಎಲ್ಲ ಗುರುತೂ ಓರೆ. ಹೊಸ ಬಟ್ಟೆಯ ಗಂಜಿ ಒಂದು ದಿನ ಹಿಡಿದಿಟ್ಟಿತ್ತು. ನೀರಿಗೆ ಬಿದ್ದು ಗಂಜಿ ಹೋದದ್ದೇ ಎಳೆಗಳು ತಮ್ಮ ದಾರಿಗೆ ತಿರುಗಿದವು. ಕತ್ತರಿಸಿದ ಮೇಲೆ ಇದಕ್ಕೆ ಮದ್ದಿಲ್ಲ. ಎಷ್ಟು ಸಲ ಬಿಚ್ಚಿ ಹೊಲಿದರೂ ತುಂಡು ಓರೆಯೇ.

ಹಾಗಾಗಿ ಯಾವ ಮಷೀನು ಅನ್ನೋದು ಈಗ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಬಟ್ಟೆಯನ್ನು ಇವತ್ತು ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ. ಕುಗ್ಗೋದು ಈಗಲೇ ಕುಗ್ಗಲಿ. ಕಿನಾರೆ, ಅಂದರೆ ಬಟ್ಟೆಯ ಉದ್ದಕ್ಕೂ ಬರುವ ನೇಯ್ದ ಅಂಚು, ಅದರ ಹತ್ತಿರ ಸಣ್ಣ ಕತ್ತರಿ ಹಾಕಿ, ಸೂಜಿ ಮೊನೆಯಿಂದ ಹೊಕ್ಕಿನ ಒಂದು ಎಳೆ ಎತ್ತಿ ಮೆಲ್ಲಗೆ ಎಳೆಯಿರಿ. ಬಟ್ಟೆಯ ಅಡ್ಡಕ್ಕೆ ಒಂದು ತೆಳು ಗೆರೆ ಮೂಡುತ್ತೆ. ಅದರ ಮೇಲೇ ಕತ್ತರಿಸಿ. ಎಳೆ ನಡುವೆ ಕಡಿದರೆ ಅಲ್ಲಿವರೆಗೆ ಕತ್ತರಿಸಿ, ತುದಿ ಹುಡುಕಿ ಮತ್ತೆ ಎಳೆಯಿರಿ. ಆಮೇಲೆ ಕಿನಾರೆಗೆ ಕಿನಾರೆ ಕೂಡಿಸಿ ಮಡಚಿ. ಮೂಲೆ ಕೂಡಲಿಲ್ಲ ಅಂದರೆ ಬಟ್ಟೆಯನ್ನು ತೇವ ಮಾಡಿ, ಇಬ್ಬರು ಎದುರುಬದುರು ಮೂಲೆ ಹಿಡಿದು ಎಳೆದು ಸರಿಮಾಡಿ. ಇದೆಲ್ಲ ನೆಲದ ಮೇಲೆ. ಮೇಜಿನಿಂದ ಜೋತುಬಿದ್ದರೆ ಮಲ್ ಎಳೆದುಕೊಳ್ಳುತ್ತೆ.

ಅಳತೆ ಸುಲಭ. ಎದೆ ಸುತ್ತಳತೆ 36 ಆದರೆ ಸಡಿಲಕ್ಕೆ 6 ಸೇರಿಸಿ 42. ನಾಲ್ಕು ಪದರ ಮಡಚಿದಾಗ ಹತ್ತೂವರೆ ಇಂಚು, ಹೊಲಿಗೆಗೆ ಅರ್ಧ ಇಂಚು. ತೋಳು ಬೇರೆ ಜೋಡಿಸಬೇಡಿ, ಮೈಯೊಂದಿಗೇ ಕತ್ತರಿಸಿ. ಪಕ್ಕಕ್ಕೆ ಫ್ರೆಂಚ್ ಸೀಮ್ ಹಾಕಿ: ಮೊದಲು ಹೊರಮೈ ಕಾಣುವಂತಿಟ್ಟು ಕಾಲಿಂಚಿಗೆ ಹೊಲಿದು, ಅಂಚನ್ನು ಕತ್ತರಿಯಿಂದ ಸಣ್ಣದು ಮಾಡಿ, ಒಳಗೆ ತಿರುಗಿಸಿ ಇನ್ನೊಂದು ಹೊಲಿಗೆ. ಅಂಚಿನ ಎಳೆ ಬಿಚ್ಚದಂತೆ ಹಾಕುವ ಓವರ್‌ಲಾಕ್ ಹೊಲಿಗೆ ಬೇಕಿಲ್ಲ. ಮನೆಯಲ್ಲಿ ಕಾಲಲ್ಲಿ ತುಳಿಯೋ ಹಳೇ ಮಷೀನಿದ್ದರೆ 11 ನಂಬರ್ ಸೂಜಿ ಹಾಕಿ ಸಾಕು. ಅದೂ ಇಲ್ಲದಿದ್ದರೆ ಕೈಯಲ್ಲೇ ಹೊಲಿಯಿರಿ. ನನ್ನ ಎರಡನೇ ಟಾಪ್ ಪೂರ್ತಿ ಕೈಹೊಲಿಗೆ, ಇವತ್ತಿಗೂ ಹಾಕುತ್ತೇನೆ.

ಕೊರಳು ಮಾತ್ರ ಮೊದಲು ಚಿಕ್ಕದಾಗೇ ಕತ್ತರಿಸಿ. ತಲೆ ತೂರಿಸಿ ನೋಡಿ, ಆಮೇಲೆ ಕಾಲಿಂಚು ಕಾಲಿಂಚಾಗಿ ಇಳಿಸಿ.